ಒಳಗೆ ಹೋದ ವೇಳೆ, ಹೊರಗೆ ಬಂದ ವೇಳೆ



ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಕೆಲಸಕ್ಕೆ ಕೂತವರು ಸಂಜೆ ಐದೂಕಾಲಿಗೆ ಎದ್ದರು. ಒಟ್ಟು ಎಷ್ಟು ಹೊತ್ತು ಕೂತಂತಾಯಿತು? ಕ್ಯಾಲ್ಕ್ಯುಲೇಟರ್ ಹಿಡಿದವರು 17.15ರಲ್ಲಿ 9.40 ಕಳೆದು 7.75 ಎನ್ನುತ್ತಾರೆ. ಪಕ್ಕದಲ್ಲಿದ್ದವರು ಅದನ್ನು ಏಳೂಮುಕ್ಕಾಲು ತಾಸು ಎಂದು ಓದಿಕೊಳ್ಳುತ್ತಾರೆ. ಬೆರಳು ಮಡಚಿ ಎಣಿಸಿದವರು ಏಳು ತಾಸು ಮೂವತ್ತೈದು ನಿಮಿಷ ಎನ್ನುತ್ತಾರೆ. ಸರಿಯಾಗಿ ಹೇಳಿದವರು ಬೆರಳು ಮಡಚಿದವರು.

ನಾನು ಬಹುಕಾಲ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ದುಡಿದವನು. ಜನ ಗೇಟು ದಾಟಿ ಒಳಗೆ ಬಂದ ವೇಳೆ, ಹೊರಗೆ ಹೋದ ವೇಳೆ, ನಡುವಿನ ಊಟದ ಬಿಡುವು, ಮೇಲಿನ ಓಟಿ, ಎಲ್ಲವನ್ನೂ ಕೂಡಿ ಕಳೆದು ಬಟವಾಡೆಯ ಪಟ್ಟಿಗೆ ಇಳಿಸುವುದು ನಮ್ಮ ಕೆಲಸ. ಆ ಮೇಜಿನ ಮುಂದೆ ಕೂತು ನನಗೆ ಖಾತ್ರಿಯಾದ ಮಾತೊಂದಿದೆ. ವೇಳೆಯ ಲೆಕ್ಕ ಕಷ್ಟದ ಲೆಕ್ಕವಲ್ಲ, ಆದರೆ ಬಹುಪಾಲು ದುಡಿಯುವವರು ಅದನ್ನು ಬೇರೆಯವರ ಕೈಗೆ ಬಿಟ್ಟಿರುತ್ತಾರೆ. ಯಂತ್ರ ಹೇಳಿದ್ದನ್ನು, ಚೀಟಿಯಲ್ಲಿ ಬಂದದ್ದನ್ನು ನಂಬಿ ಸಹಿ ಹಾಕುತ್ತಾರೆ. ತಾನು ದುಡಿದ ಹೊತ್ತನ್ನು ತಾನೇ ಲೆಕ್ಕ ಹಾಕಲು ಪ್ರತಿಯೊಬ್ಬರಿಗೂ ಬರಬೇಕು. ಇಂದಿನ ಈ ಮಾತುಗಳೆಲ್ಲ ಅದಕ್ಕಾಗಿ.

ಮೊದಲು ಸುಲಭದ ದಾರಿ. ಅಂಗಡಿಯವರು ಚಿಲ್ಲರೆ ಕೊಡುವಾಗ ಕಳೆಯುವ ಗೋಜಿಗೆ ಹೋಗುವುದಿಲ್ಲ, ಸಾಮಾನಿನ ಬೆಲೆಯಿಂದ ಮೇಲಕ್ಕೆ ಎಣಿಸುತ್ತ ನೋಟಿನವರೆಗೆ ಬರುತ್ತಾರೆ. ವೇಳೆಗೂ ಹಾಗೇ ಮಾಡಿ. ಒಂಬತ್ತು ನಲವತ್ತರಿಂದ ಹತ್ತಕ್ಕೆ ಇಪ್ಪತ್ತು ನಿಮಿಷ. ಹತ್ತರಿಂದ ಸಂಜೆ ಐದಕ್ಕೆ ಏಳು ತಾಸು. ಐದರ ಮೇಲೆ ಹದಿನೈದು ನಿಮಿಷ. ಇಪ್ಪತ್ತೂ ಹದಿನೈದೂ ಮೂವತ್ತೈದು. ಅಲ್ಲಿಗೆ ಮುಗಿಯಿತು. ಕಾಗದ ಬೇಡ, ಪೆನ್ನು ಬೇಡ. ಮಧ್ಯಾಹ್ನ ಹನ್ನೆರಡು ದಾಟಿದಾಗ ಗಡಿಯಾರ ಮತ್ತೆ ಒಂದರಿಂದ ಶುರುವಾಗುತ್ತದಲ್ಲ, ಆ ತೊಡಕೂ ಇಲ್ಲಿ ಕಾಡುವುದಿಲ್ಲ.

ಕಾಗದದ ಮೇಲೆ ಕಳೆಯಲೇಬೇಕು ಎನ್ನುವವರು ರೈಲ್ವೆಯವರ ಹಾಗೆ 24 ಗಂಟೆಯ ಲೆಕ್ಕದಲ್ಲಿ ಬರೆದುಕೊಳ್ಳಿ. ಐದೂಕಾಲು ಎಂದರೆ 17 ಗಂಟೆ 15 ನಿಮಿಷ. ಹದಿನೈದರಲ್ಲಿ ನಲವತ್ತು ಹೋಗದು, ಹದಿನೇಳರಿಂದ ಒಂದು ದಶಕ ತಂದಂತೆ ಒಂದು ತಾಸು ತನ್ನಿ. ಆದರೆ ಆ ತಾಸಿನೊಳಗೆ ಇರುವುದು 60, ನೂರಲ್ಲ. ಹದಿನೈದಕ್ಕೆ ಅರವತ್ತು ಸೇರಿ ಎಪ್ಪತ್ತೈದು, ಅದರಲ್ಲಿ ನಲವತ್ತು ಕಳೆದರೆ ಮೂವತ್ತೈದು. ಹದಿನಾರರಲ್ಲಿ ಒಂಬತ್ತು ಹೋದರೆ ಏಳು. ಕ್ಯಾಲ್ಕ್ಯುಲೇಟರ್ ಎಡವುವುದು ಇದೇ ಜಾಗದಲ್ಲಿ. ಅದು ತಂದ ಒಂದನ್ನು 60 ಎಂದು ತಿಳಿಯದೆ 100 ಎಂದು ತಿಳಿಯುತ್ತದೆ. ಹಾಗಾಗಿ ನಿಮಿಷದ ಜಾಗದಲ್ಲಿ ಯಾವಾಗಲೂ ಸರಿಯಾಗಿ 40 ಹೆಚ್ಚಾಗಿ ಕಾಣುತ್ತದೆ. 7.75ರಲ್ಲಿ ಆ 40 ತೆಗೆದರೆ 7.35, ಅಂದರೆ ನಮ್ಮ ಏಳು ತಾಸು ಮೂವತ್ತೈದು ನಿಮಿಷ. ಕ್ಯಾಲ್ಕ್ಯುಲೇಟರನ್ನೇ ಬಳಸುವವರು ಈ ನಲವತ್ತನ್ನು ನೆನಪಿಟ್ಟುಕೊಳ್ಳಿ. ನಿಮಿಷ ಕಳೆಯುವಾಗ ತಾಸಿನಿಂದ ಸಾಲ ತರಬೇಕಾಗಿ ಬಂದಾಗಲಷ್ಟೇ ಅದನ್ನು ತೆಗೆಯಬೇಕು.

ಇದಕ್ಕಿಂತ ದೊಡ್ಡ ನಷ್ಟ ಆಗುವುದು ಇನ್ನೊಂದು ಕಡೆ. ಇದನ್ನು ಸ್ವಲ್ಪ ಗಮನವಿಟ್ಟು ಕೇಳಿ.

ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಬೆಳಿಗ್ಗೆ 8.45ಕ್ಕೆ ಒಳಗೆ ಹೋಗಿ ಸಂಜೆ 6.20ಕ್ಕೆ ಹೊರಗೆ ಬರುತ್ತಾಳೆ ಎಂದಿಟ್ಟುಕೊಳ್ಳೋಣ. ಒಳಗಿದ್ದದ್ದು ಒಂಬತ್ತು ತಾಸು ಮೂವತ್ತೈದು ನಿಮಿಷ. ಊಟಕ್ಕೆ ಬಿಟ್ಟ ನಲವತ್ತು ನಿಮಿಷ ಕಳೆದರೆ ದುಡಿದದ್ದು ಎಂಟು ತಾಸು ಐವತ್ತೈದು ನಿಮಿಷ. ಈ ಲೆಕ್ಕವನ್ನು ಬರೆಯುವವರು ಪುಸ್ತಕದಲ್ಲಿ 8.55 ಎಂದು ಬರೆಯುತ್ತಾರೆ. ಬರೆದದ್ದು ತಪ್ಪಲ್ಲ, ಗಡಿಯಾರದ ರೀತಿಯಲ್ಲಿ ಓದಿದರೆ ಸರಿಯೇ. ತಿಂಗಳ ಕೊನೆಗೆ ಮತ್ತೊಬ್ಬರು ಅದೇ 8.55ನ್ನು ತಾಸಿನ ಕೂಲಿಯಿಂದ ಗುಣಿಸುತ್ತಾರೆ. ಗುಣಿಸುವಾಗ ಆ ಚುಕ್ಕೆ ದಶಮಾಂಶದ ಚುಕ್ಕೆಯಾಗಿಬಿಡುತ್ತದೆ. ಪಾಯಿಂಟ್ ಐದೈದು ಎಂದರೆ ನೂರರಲ್ಲಿ ಐವತ್ತೈದು ಪಾಲು, ಅಂದರೆ ಬರೀ ಮೂವತ್ಮೂರು ನಿಮಿಷ. ಐವತ್ತೈದು ನಿಮಿಷ ದುಡಿದದ್ದಕ್ಕೆ ಮೂವತ್ಮೂರು ನಿಮಿಷದ ಕೂಲಿ. ದಿನಕ್ಕೆ 22 ನಿಮಿಷ ಹೋಯಿತು. ತಿಂಗಳಿಗೆ 26 ದಿನದ ಕೆಲಸವೆಂದರೆ 572 ನಿಮಿಷ, ಒಂಬತ್ತೂವರೆ ತಾಸಿಗೂ ಎರಡು ನಿಮಿಷ ಹೆಚ್ಚು. ತಾಸಿಗೆ 70 ರೂಪಾಯಿ ಹಿಡಿದರೂ 667 ರೂಪಾಯಿ. ಒಂದು ಪೂರ್ತಿ ದಿನಕ್ಕಿಂತ ಹೆಚ್ಚಿನ ದುಡಿಮೆ ಒಂದು ಚುಕ್ಕೆಯ ಕೆಳಗೆ ಕಾಣೆಯಾಯಿತು.

ಸರಿಯಾಗಿ ಬರೆಯಬೇಕಿದ್ದದ್ದು 8.92. ಐವತ್ತೈದನ್ನು ಅರವತ್ತರಿಂದ ಭಾಗಿಸಿದರೆ ಸಿಗುವುದು ಅದು. ಆರು ನಿಮಿಷ ಎಂದರೆ ಪಾಯಿಂಟ್ ಒಂದು, ಮೂರು ನಿಮಿಷ ಎಂದರೆ ಪಾಯಿಂಟ್ ಸೊನ್ನೆ ಐದು, ಕಾಲು ತಾಸು ಪಾಯಿಂಟ್ ಎರಡು ಐದು. ಇಷ್ಟು ಬಾಯಿಪಾಠವಾದರೆ ಉಳಿದದ್ದು ತಾನಾಗಿ ಬರುತ್ತದೆ. ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಈ ತಪ್ಪು ಒಮ್ಮೆ ನಿಮ್ಮ ಕಡೆಗೆ, ಒಮ್ಮೆ ಮಾಲೀಕರ ಕಡೆಗೆ ವಾಲುವ ತಪ್ಪಲ್ಲ. ನಿಮಿಷವನ್ನು ದಶಮಾಂಶವೆಂದು ಓದಿದಾಗಲೆಲ್ಲ ಐದರಲ್ಲಿ ಎರಡು ಪಾಲು ನಿಮಿಷ ಹೋಗುತ್ತದೆ, ಪ್ರತಿ ಸಲವೂ ದುಡಿದವರಿಂದಲೇ ಹೋಗುತ್ತದೆ. ಇಪ್ಪತ್ತು ನಿಮಿಷಕ್ಕೆ ಎಂಟು, ಐವತ್ತು ನಿಮಿಷಕ್ಕೆ ಇಪ್ಪತ್ತು. ಯಾರೂ ಮೋಸ ಮಾಡಬೇಕೆಂದು ಮಾಡಿದ್ದಲ್ಲ ಎಂದೇ ಇಟ್ಟುಕೊಳ್ಳೋಣ. ಆದರೂ ಅದು ಹಿಂದಕ್ಕೆ ಬರಬೇಕಾದ ಹಣ.

ದಿನದ ಲೆಕ್ಕಗಳನ್ನು ವಾರಕ್ಕೆ ಕೂಡುವಾಗಲೂ ಇದೇ ಪೀಡೆ. 8.55, 8.50, 8.40 ಈ ಮೂರನ್ನು ಕ್ಯಾಲ್ಕ್ಯುಲೇಟರ್‌ನಲ್ಲಿ ಕೂಡಿದರೆ 25.45 ಬರುತ್ತದೆ. ನಿಜವಾದ ಮೊತ್ತ 26 ತಾಸು 25 ನಿಮಿಷ. ಇದಕ್ಕೆ ನಮ್ಮ ಟೈಮ್ ಆಫೀಸಿನ ಹಿರಿಯರು ಕಲಿಸಿದ ಮದ್ದು ಒಂದೇ: ಎಲ್ಲವನ್ನೂ ನಿಮಿಷಕ್ಕೆ ಒಡೆದುಬಿಡು, ಕೂಡು, ಕೊನೆಗೆ ಒಂದೇ ಸಲ ಅರವತ್ತರಿಂದ ಭಾಗಿಸು. 535, 530, 520, ಕೂಡಿದರೆ 1585. ಅರವತ್ತರಿಂದ ಭಾಗಿಸಿದರೆ 26, ಶೇಷ 25. ನಿಮಿಷಕ್ಕೆ ಒಡೆದ ಮೇಲೆ ಯಾವ ಕ್ಯಾಲ್ಕ್ಯುಲೇಟರ್ ಕೂಡ ತಪ್ಪಲಾರದು.

ಈಗ ಬಹಳ ಕಡೆ ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲೇ ಈ ಕೆಲಸ ನಡೆಯುತ್ತದೆ. ಅಲ್ಲಿ ವೇಳೆಯನ್ನು ದಿನದ ಭಾಗವಾಗಿ ಇಟ್ಟಿರುತ್ತಾರೆ. ಬೆಳಿಗ್ಗೆ ಆರು ಎಂದರೆ ಒಳಗೆ ಕಾಲು, ಮಧ್ಯಾಹ್ನ ಹನ್ನೆರಡು ಎಂದರೆ ಅರ್ಧ. ಕಣ್ಣಿಗೆ ಮಾತ್ರ ಗಡಿಯಾರದಂತೆ ಕಾಣುತ್ತದೆ. ಆದ್ದರಿಂದ ಕೂಲಿಯಿಂದ ಗುಣಿಸುವ ಮೊದಲು 24ರಿಂದ ಗುಣಿಸಬೇಕು. ವಾರದ ಮೊತ್ತ 24 ತಾಸು ದಾಟಿದರೆ ಹಾಳೆಯು ಗಡಿಯಾರದ ಮುಳ್ಳು ಸುತ್ತಿ ಬಂದಂತೆ 26.25ನ್ನು 2.25 ಎಂದು ತೋರಿಸಬಹುದು, ತಾಸಿನ ಅಕ್ಷರವನ್ನು ಚೌಕ ಕಂಸದೊಳಗೆ ಹಾಕಿ ರೂಪ ಬದಲಿಸಿದರೆ ಪೂರ್ತಿ ಮೊತ್ತ ಕಾಣುತ್ತದೆ. ಕಚೇರಿಗಳಲ್ಲಿ ಲೆಕ್ಕ ಬರೆಯುವ ಗೆಳೆಯರು ಇದನ್ನು ದಯವಿಟ್ಟು ಪರೀಕ್ಷಿಸಿಕೊಳ್ಳಿ. ನಿಮ್ಮ ಹಾಳೆಯ ಮೇಲೆ ಎಷ್ಟೋ ಮನೆಗಳ ರೇಷನ್ನು ನಿಂತಿದೆ.

ಅರವತ್ತರ ಲೆಕ್ಕ ನಮಗೆ ಹೊರಗಿನಿಂದ ಬಂದು ತಲೆಯ ಮೇಲೆ ಕೂತದ್ದೇನೂ ಅಲ್ಲ. ಪಂಚಾಂಗ ನೋಡುವ ಮನೆಗಳಲ್ಲಿ ಅಜ್ಜಂದಿರು ಇದನ್ನು ದಿನವೂ ಮಾಡುತ್ತಿದ್ದರು. ಒಂದು ದಿನಕ್ಕೆ ಅರವತ್ತು ಘಳಿಗೆ, ಒಂದು ಘಳಿಗೆಗೆ ಅರವತ್ತು ವಿಘಳಿಗೆ. ಇಂದಿನ ಗಡಿಯಾರದಲ್ಲಿ ಒಂದು ಘಳಿಗೆ ಎಂದರೆ 24 ನಿಮಿಷ, ಎರಡೂವರೆ ಘಳಿಗೆಗೆ ಒಂದು ತಾಸು. ತಿಥಿ ಹತ್ತು ಘಳಿಗೆ ಮೂವತ್ತು ವಿಘಳಿಗೆಯವರೆಗೆ ಇದೆ ಎಂದು ಬರೆದಿದ್ದರೆ, ಸೂರ್ಯೋದಯ 6.20ಕ್ಕೆ ಎಂದಿದ್ದರೆ, ಹತ್ತೂವರೆಯನ್ನು 24ರಿಂದ ಗುಣಿಸಿ 252 ನಿಮಿಷ, ಅಂದರೆ ನಾಲ್ಕು ತಾಸು ಹನ್ನೆರಡು ನಿಮಿಷ, ಸೂರ್ಯೋದಯಕ್ಕೆ ಸೇರಿಸಿದರೆ 10.32ಕ್ಕೆ ತಿಥಿ ಮುಗಿಯಿತು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತದವರೂ ಇದನ್ನು ಜಗುಲಿಯ ಮೇಲೆ ಕೂತು ಬಾಯಲ್ಲೇ ಹೇಳುತ್ತಿದ್ದರು. ಮುಹೂರ್ತಕ್ಕೆ ಬಳಸಿದ ಆ ಜಾಣ್ಮೆಯನ್ನು ನಾವು ದುಡಿಮೆಗೂ ಬಳಸಬೇಕು. ಇನ್ನೊಂದು ಅನುಕೂಲ ಅವರಿಗಿತ್ತು: ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ನಡುರಾತ್ರಿಯಲ್ಲಿ ತಾರೀಖು ಬದಲಾಗುವ ಕಾಟ ಇರಲಿಲ್ಲ.

ನಮಗೆ ಆ ಕಾಟ ಇದೆ. ನೈಟ್ ಶಿಫ್ಟ್‌ಗೆ ರಾತ್ರಿ ಹತ್ತಕ್ಕೆ ಹೋಗಿ ಬೆಳಿಗ್ಗೆ ಆರಕ್ಕೆ ಬಂದರೆ ಆರರಲ್ಲಿ ಇಪ್ಪತ್ತೆರಡು ಹೇಗೆ ಕಳೆಯುವುದು? ಆರಕ್ಕೆ 24 ಸೇರಿಸಿ, 30 ಆಯಿತು, 22 ಕಳೆದರೆ 8. ಲೆಕ್ಕ ಸುಲಭ. ಆದರೆ ಆ ಎಂಟು ತಾಸು ಯಾವ ದಿನದ್ದು? ಎರಡು ತಾಸು ಸೋಮವಾರದ್ದು, ಆರು ತಾಸು ಮಂಗಳವಾರದ್ದು ಎಂದು ಸೀಳಿಬಿಟ್ಟರೆ ಒಂದು ದಿನದ ದುಡಿಮೆ ಎರಡು ದಿನಕ್ಕೆ ಹಂಚಿಹೋಗುತ್ತದೆ. ಯಾವ ದಿನದಲ್ಲೂ ಮಿತಿ ಮೀರಿದಂತೆ ಕಾಣುವುದಿಲ್ಲ, ಓಟಿಯೂ ಕಾಣುವುದಿಲ್ಲ. 1948ರ ಕಾರ್ಖಾನೆಗಳ ಕಾಯ್ದೆಯನ್ನು ಬರೆದವರು ಇದನ್ನು ಮುಂಚೆಯೇ ಯೋಚಿಸಿದ್ದರು. ನಡುರಾತ್ರಿ ದಾಟುವ ಶಿಫ್ಟಿನಲ್ಲಿ ಹನ್ನೆರಡರ ನಂತರದ ತಾಸುಗಳನ್ನು ಹಿಂದಿನ ದಿನಕ್ಕೇ ಸೇರಿಸಬೇಕು, ಆ ಕಾರ್ಮಿಕರಿಗೆ ಮರುದಿನ ಶುರುವಾಗುವುದು ಶಿಫ್ಟ್ ಮುಗಿದ ಮೇಲೆ ಎಂದು 57ನೇ ಕಲಮಿನಲ್ಲಿ ಬರೆದಿಟ್ಟರು. ಕಾನೂನಿನ ಪುಸ್ತಕದಲ್ಲಿ ಕಾರ್ಮಿಕರ ನಿದ್ದೆಯನ್ನು ನೆನೆದು ಬರೆದ ಸಾಲು ಅದು ಎಂದು ನಾನು ತಿಳಿದಿದ್ದೇನೆ.

ರೈಲಿಗೆ ಹೋಗುವವರೂ ಈ ನಡುರಾತ್ರಿಯ ವಿಷಯದಲ್ಲಿ ಎಚ್ಚರವಾಗಿರಿ. ಟಿಕೆಟ್ ಮೇಲೆ 15ನೇ ತಾರೀಖು, 00.10 ಎಂದಿದ್ದರೆ ನೀವು ನಿಲ್ದಾಣಕ್ಕೆ ಹೊರಡಬೇಕಾದದ್ದು 14ರ ರಾತ್ರಿ ಊಟ ಮುಗಿಸಿ.

ಇನ್ನು ಈ ತಾಸುಗಳು ನಮ್ಮ ಕೈಗೆ ಬಂದದ್ದು ಹೇಗೆ ಎಂಬುದನ್ನು ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಮೊದಲಿಗೆ ದುಡಿಮೆಯ ದಿನ ಎಂದರೆ ಬೆಳಕು ಹರಿದಾಗಿನಿಂದ ಕತ್ತಲಾಗುವವರೆಗೆ. ಚಳಿಗಾಲದಲ್ಲಿ ಹನ್ನೊಂದು ತಾಸು, ಬೇಸಿಗೆಯಲ್ಲಿ ಹದಿಮೂರು. ವಿದ್ಯುದ್ದೀಪ ಬಂದ ಮೇಲೆ ಕತ್ತಲೂ ಅಡ್ಡಿಯಾಗಲಿಲ್ಲ, ದಿನ ಇನ್ನೂ ಉದ್ದವಾಯಿತು. ವಾರಕ್ಕೊಂದು ರಜೆಗಾಗಿ ಕಾರ್ಮಿಕ ಮುಖಂಡ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಬೇಕಾಯಿತು. 1911ರ ಕಾಯ್ದೆ ಗಿರಣಿಯ ಗಂಡಸರಿಗೆ ದಿನಕ್ಕೆ 12 ತಾಸಿನ ಮಿತಿ ಹಾಕಿತು. 1922ರಲ್ಲಿ ವಾರಕ್ಕೆ 60 ತಾಸು, 1934ರಲ್ಲಿ 54, 1946ರಲ್ಲಿ 48. ವಾರದ ಮಿತಿಯನ್ನು 48ಕ್ಕೆ ಇಳಿಸುವ ಕೆಲಸ ನಡೆದಾಗ ಕಾರ್ಮಿಕ ಖಾತೆ ಇದ್ದದ್ದು ಡಾ. ಅಂಬೇಡ್ಕರ್ ಅವರ ಕೈಯಲ್ಲಿ. ಅರವತ್ತರಿಂದ ನಲವತ್ತೆಂಟಕ್ಕೆ ಬರಲು 24 ವರ್ಷ ಹಿಡಿಯಿತು. ಗೋಕಾಕ, ಹುಬ್ಬಳ್ಳಿ, ದಾವಣಗೆರೆಗಳಲ್ಲಿ ಮಿಲ್ಲಿನ ಭೋಂಗಾ ಕೂಗಿದಾಗ ಊರೆಲ್ಲ ವೇಳೆ ತಿಳಿದುಕೊಳ್ಳುತ್ತಿತ್ತು. ಆ ಕೂಗು ಎಷ್ಟು ಹೊತ್ತಿಗೆ ಎದ್ದು ಎಷ್ಟು ಹೊತ್ತಿಗೆ ನಿಲ್ಲಬೇಕು ಎಂಬುದರ ಹಿಂದೆ ಇಷ್ಟೆಲ್ಲ ಇದೆ.

ಗೇಟಿನ ಬಳಿ ಹಾಜರಿ ಒತ್ತುವ ಯಂತ್ರದ ಕಥೆ ಬೇರೆ. ಅಮೆರಿಕದ ಆಬರ್ನ್ ಎಂಬ ಊರಿನಲ್ಲಿ ಆಭರಣದಂಗಡಿ ಇಟ್ಟಿದ್ದ ವಿಲ್ಲರ್ಡ್ ಬಂಡಿ ಎಂಬವರು 1888ರ ಸುಮಾರಿಗೆ ಅಂಥ ಗಡಿಯಾರ ಕಟ್ಟಿದರು. ಅವರ ಕಂಪನಿ ಮುಂದೆ ಇತರ ಕಂಪನಿಗಳ ಜೊತೆ ಸೇರಿ, ಹೆಸರು ಬದಲಿಸಿ, 1924ರಲ್ಲಿ ಐಬಿಎಂ ಆಯಿತು. ಕಾರ್ಮಿಕರ ಹಾಜರಿ ಒತ್ತುವ ಗಡಿಯಾರ ಇಂದಿನ ಕಂಪ್ಯೂಟರ್ ವಂಶದ ಒಂದು ಬೇರು. ಆದರೆ ಆ ಯಂತ್ರ ಇದ್ದದ್ದು ಗೇಟಿನ ಒಳಗೆ. ಕಾರ್ಮಿಕರ ಕೈಗೇ ಗಡಿಯಾರ ಬರಲು ನಮ್ಮಲ್ಲಿ 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ವಾಚು ತಯಾರಿಸತೊಡಗಿದ್ದು ದೊಡ್ಡ ಸಹಾಯವಾಯಿತು. ಕೈಯಲ್ಲಿ ವಾಚು ಕಟ್ಟಿದವರು ಗೇಟಿನ ಗಡಿಯಾರ ಐದು ನಿಮಿಷ ಹಿಂದಿದ್ದರೆ ಕೇಳಬಲ್ಲವರಾದರು.

ಎಲ್ಲಕ್ಕಿಂತ ಕಠಿಣವಾದದ್ದು ಕಳೆಯುವ ಲೆಕ್ಕವಲ್ಲ, ಯಾವ ಹೊತ್ತು ಕೆಲಸದ ಹೊತ್ತು ಎಂದು ಗೊತ್ತುಮಾಡುವುದು. ಬಸ್ಸಿನ ಚಾಲಕರನ್ನೂ ನಿರ್ವಾಹಕರನ್ನೂ ನೋಡಿ. ಬೆಳಿಗ್ಗೆ ಐದೂವರೆಗೆ ಬಸ್ಸು ಹತ್ತಿ ಒಂಬತ್ತೂವರೆಗೆ ಇಳಿದರು, ಮತ್ತೆ ಮಧ್ಯಾಹ್ನ ಒಂದೂವರೆಗೆ ಹತ್ತಿ ಐದೂವರೆಗೆ ಇಳಿದರು. ದುಡಿದದ್ದು ಎಂಟು ತಾಸು. ಆದರೆ ಮನೆ ಬಿಟ್ಟು ಹನ್ನೆರಡು ತಾಸಿಗೂ ಹೆಚ್ಚಾಯಿತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಈ ಎರಡನ್ನೂ ಬೇರೆ ಬೇರೆಯಾಗಿ ಎಣಿಸಿತು: ದುಡಿಮೆ ದಿನಕ್ಕೆ ಎಂಟು ತಾಸು, ಬಿಡುವೂ ಸೇರಿದ ಒಟ್ಟು ಹರವು ಹನ್ನೆರಡು ತಾಸು, ಒಂದು ದಿನದ ಡ್ಯೂಟಿಯನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡುವಂತಿಲ್ಲ. ಕೊನೆಯ ನಿಲ್ದಾಣದಲ್ಲಿ ಬಸ್ಸು ನಿಂತಾಗ ಹದಿನೈದು ನಿಮಿಷಕ್ಕಿಂತ ಕಡಿಮೆ ಹೊತ್ತು ಸುಮ್ಮನೆ ಕಾದಿದ್ದರೂ ಅದು ದುಡಿಮೆಯ ಹೊತ್ತೇ ಎಂದಿತು. ಕಾಯುವುದೂ ಕೆಲಸವೆಂದು ಒಪ್ಪಿಕೊಂಡ ಈ ಮಾತು ನನಗೆ ಬಹಳ ಮುಖ್ಯ. ಮೂರು ಮನೆಗಳಲ್ಲಿ ಪಾತ್ರೆ ಬಟ್ಟೆ ಮಾಡುವ ಹೆಂಗಸು, ಹನ್ನೆರಡು ತಾಸು ಗೇಟು ಕಾಯುವ ಸೆಕ್ಯುರಿಟಿಯವರು, ರೋಗಿಯ ಪಕ್ಕ ರಾತ್ರಿ ಕೂರುವ ಹೋಮ್ ನರ್ಸ್, ಇವರ ಹೊತ್ತನ್ನು ಇಷ್ಟು ಅಚ್ಚುಕಟ್ಟಾಗಿ ಬರೆದಿಡುವವರು ಬಹಳ ಕಡಿಮೆ.

ಕರ್ನಾಟಕದಲ್ಲಿ 2023ರ ತಿದ್ದುಪಡಿ ಕಾರ್ಖಾನೆಯ ದಿನವನ್ನು 12 ತಾಸಿನವರೆಗೆ ಹಿಗ್ಗಿಸಲು ಅವಕಾಶ ಕೊಟ್ಟಿತು, ವಾರದ 48ನ್ನು ಮಾತ್ರ ಹಾಗೆಯೇ ಉಳಿಸಿತು. ಇದು ಒಳ್ಳೆಯದೋ ಕೆಟ್ಟದ್ದೋ ಎಂಬ ವಾದ ನಡೆಯುತ್ತಲೇ ಇದೆ. ದಿನದ ಬೇಲಿ ಸಡಿಲವಾದಾಗ ಕಾಯುವುದು ವಾರದ ಬೇಲಿ ಒಂದೇ. ಹಾಗಾಗಿ ಆರು ದಿನದ ತಾಸುಗಳನ್ನು ಸರಿಯಾಗಿ ಕೂಡಲು ಬರುವುದು ಮೊದಲಿಗಿಂತ ಈಗ ಹೆಚ್ಚು ಅಗತ್ಯ. 48ರ ಮೇಲಿನ ಪ್ರತಿ ತಾಸಿಗೂ ಇಮ್ಮಡಿ ಕೂಲಿ. ನಲವತ್ತೆಂಟು ದಾಟಿತೋ ಇಲ್ಲವೋ ಎಂದು ತಿಳಿಯದವರು ಅದನ್ನು ಕೇಳುವುದಾದರೂ ಹೇಗೆ?

ಹೊರದೇಶದಲ್ಲಿರುವ ನಮ್ಮವರಿಗೂ ಒಂದು ಮಾತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವ ನಮ್ಮ ಕಡೆಯ ನರ್ಸುಗಳಿದ್ದಾರೆ. ಅಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ಬೆಳಗಿನ ಜಾವ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ಆ ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟಕ್ಕೆ ಹನ್ನೆರಡು ತಾಸಲ್ಲ, ಹದಿಮೂರು. ಮಾರ್ಚ್ ಕೊನೆಯ ಭಾನುವಾರ ಹನ್ನೊಂದೇ. ಬೆಂಗಳೂರಿನಲ್ಲಿ ಕೂತು ನ್ಯೂಯಾರ್ಕಿನವರೊಡನೆ ಮೀಟಿಂಗ್ ಮಾಡುವವರಿಗೂ ಇದು ತಟ್ಟುತ್ತದೆ. ಅಲ್ಲಿಯ ಬೆಳಗಿನ ಒಂಬತ್ತು ಚಳಿಗಾಲದಲ್ಲಿ ನಮಗೆ ರಾತ್ರಿ ಏಳೂವರೆ, ಬೇಸಿಗೆಯಲ್ಲಿ ಆರೂವರೆ. ನಮ್ಮ ಗಡಿಯಾರ ವರ್ಷವಿಡೀ ಒಂದೇ ಕಡೆ ನಿಲ್ಲುತ್ತದೆ, ಅವರದು ಸರಿಯುತ್ತದೆ. ಮೀಟಿಂಗ್ ರಾತ್ರಿಗೆ ಸರಿದ ತಿಂಗಳುಗಳಲ್ಲಿ ಬೆಳಿಗ್ಗೆ ಆಫೀಸು ಶುರುವಾಗುವ ವೇಳೆಯೂ ಸರಿಯಬೇಕು, ಇಲ್ಲದಿದ್ದರೆ ದಿನ ಒಂದು ತಾಸು ಉದ್ದವಾಗುತ್ತದೆ. ಅದನ್ನು ಯಾರೂ ಬರೆದುಕೊಳ್ಳುವುದಿಲ್ಲ.

ಹಾಗಾಗಿ ನನ್ನ ಕೇಳಿಕೆ ಇಷ್ಟು. ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ, ಮೊಬೈಲಿನಲ್ಲಾದರೂ ಆದೀತು. ಒಳಗೆ ಹೋದ ವೇಳೆ, ಊಟಕ್ಕೆ ಬಿಟ್ಟ ವೇಳೆ, ಮತ್ತೆ ಕೂತ ವೇಳೆ, ಹೊರಗೆ ಬಂದ ವೇಳೆ, ಈ ನಾಲ್ಕನ್ನೂ ಅಂದಂದೇ 24 ಗಂಟೆಯ ರೀತಿಯಲ್ಲಿ ಬರೆಯಿರಿ. ರಾತ್ರಿ ಮಲಗುವ ಮುಂಚೆ ದಿನದ ಹೊತ್ತನ್ನು ನಿಮಿಷಕ್ಕೆ ಒಡೆದು ಪಕ್ಕದಲ್ಲಿ ಬರೆಯಿರಿ. ಓದು ಬಾರದ ಹಿರಿಯರಿದ್ದರೆ ಶಾಲೆಗೆ ಹೋಗುವ ಮೊಮ್ಮಕ್ಕಳಿಂದ ಬರೆಸಿ, ಆ ಮಗುವಿಗೂ ಲೆಕ್ಕ ಬರುತ್ತದೆ. ವಾರಕ್ಕೊಮ್ಮೆ ಕೂಡಿ 2880ರ ಜೊತೆ ಹೋಲಿಸಿ ನೋಡಿ. 48 ತಾಸು ಎಂದರೆ 2880 ನಿಮಿಷ. ಬಟವಾಡೆಯ ದಿನ ಸಂಬಳದ ಚೀಟಿಯನ್ನು ಈ ಪುಸ್ತಕದ ಪಕ್ಕ ಇಟ್ಟು ನೋಡಿ, ವ್ಯತ್ಯಾಸ ಇದ್ದರೆ ಮರುದಿನವೇ ಲೆಕ್ಕದವರ ಬಳಿ ಹೋಗಿ ಕೇಳಿ. ತಾರೀಖು, ವೇಳೆ ಬರೆದ ಪುಸ್ತಕ ಕೈಯಲ್ಲಿದ್ದರೆ ನಿಮ್ಮ ಮಾತನ್ನು ತಳ್ಳಿಹಾಕುವುದು ಅವರಿಗೂ ಕಷ್ಟವಾಗುತ್ತದೆ.